ಊರಿನ ಸಿಂಫನಿ ಆರ್ಕೆಸ್ಟ್ರಾ 30 ಜನರಿಂದ 90ಕ್ಕೆ ಬೆಳೆಯುವುದು ಹೇಗೆ? ಬರ್ಮಿಂಗ್‌ಹ್ಯಾಮ್ ಮತ್ತು ಅದರ ಓರಗೆಯವು

ಮಂದ್ರಸ್ಥಾಯಿ:

ಎಲ್ಲರಿಗೂ ನಮಸ್ಕಾರ. ಲಂಡನ್ನಿನ ಆಚೆಗಿನ ಇಂಗ್ಲೆಂಡಿನ ಆರ್ಕೆಸ್ಟ್ರಾಗಳ ಚರಿತ್ರೆ ಓದುತ್ತಿದ್ದೇನೆ, ಮುಖ್ಯವಾಗಿ ಸಿಟಿ ಆಫ್ ಬರ್ಮಿಂಗ್‌ಹ್ಯಾಮ್ ಸಿಂಫನಿ ಆರ್ಕೆಸ್ಟ್ರಾ. ಮೂರು ಸಂದೇಹ ಇವೆ.

ಒಂದು, ಎಲ್ಲಿ ನೋಡಿದರೂ ‘ಸೈಮನ್ ರಾಟಲ್ ಬಂದರು, ಆರ್ಕೆಸ್ಟ್ರಾ ಬೆಳೆಯಿತು’ ಅಂತಲೇ ಇರುತ್ತದೆ. ರಾಟಲ್ ಅಲ್ಲಿನ ಕಂಡಕ್ಟರ್, ಅಂದರೆ ಮುಂದೆ ನಿಂತು ವಾದಕರನ್ನು ನಡೆಸುವವರು. ಹಾಗಾದರೆ ಅದಕ್ಕೂ ಹಿಂದಿನ ಅರವತ್ತು ವರ್ಷ ಏನು ನಡೀತಿತ್ತು?

ಎರಡು, 14-12-10-8-6 ಅಂತ ಬರೆಯುತ್ತಾರಲ್ಲ, ಆ ಲೆಕ್ಕ ಯಾವುದರದು? ಮೂವತ್ತು ಜನರ ತಂಡ ಯಾವ ಕೃತಿ ನುಡಿಸಬಹುದು, ಯಾವುದು ಆಗುವುದಿಲ್ಲ?

ಮೂರು, ಹೊಸ ಹಾಲ್ ಕಟ್ಟಿದರೆ ಆರ್ಕೆಸ್ಟ್ರಾ ನಿಜಕ್ಕೂ ಬದಲಾಗುತ್ತದಾ, ಅಥವಾ ಅದು ಬರೀ ಊರಿನ ಪ್ರತಿಷ್ಠೆಯ ಮಾತಾ?

ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ನಾಲ್ಕನೇ ಹಾರ್ನ್:

ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ. ಊರಿನ ಆರ್ಕೆಸ್ಟ್ರಾದ ಬೆಳವಣಿಗೆ ಅಳೆಯಬೇಕಾದರೆ ಕಂಡಕ್ಟರುಗಳ ಹೆಸರಿನ ಪಟ್ಟಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿ: ವಾದಕರಿಗೆ ವರ್ಷದಲ್ಲಿ ಎಷ್ಟು ವಾರ ಸಂಬಳ ಸಿಗುತ್ತಿತ್ತು? ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ರಿಹರ್ಸಲ್ ನಡೆದದ್ದು 1920ರ ಸೆಪ್ಟೆಂಬರ್‌ನಲ್ಲಿ, ಸ್ಟೀಲ್‌ಹೌಸ್ ಲೇನಿನ ಪೊಲೀಸ್ ಬ್ಯಾಂಡಿನ ಕೋಣೆಯಲ್ಲಿ. ಕಂಡಕ್ಟರ್ ಆಪಲ್‌ಬಿ ಮ್ಯಾಥ್ಯೂಸ್. ಅದೇ ನವೆಂಬರ್ 10ರಂದು ಟೌನ್ ಹಾಲಿನಲ್ಲಿ ಅಧಿಕೃತ ಉದ್ಘಾಟನೆಯ ಕಛೇರಿ. ಇಂಗ್ಲೆಂಡಿನ ಸಂಗೀತ ರಚನಕಾರ ಎಲ್ಗರ್ ಖುದ್ದು ಬಂದು ತಮ್ಮದೇ ಕೃತಿಗಳನ್ನು ನಡೆಸಿಕೊಟ್ಟರು. ನಗರಸಭೆ ಕೊಡುತ್ತಿದ್ದದ್ದು ವರ್ಷಕ್ಕೆ 1,250 ಪೌಂಡ್. ಮೊತ್ತ ಚಿಕ್ಕದು, ಆದರೆ ಜನರ ತೆರಿಗೆ ದುಡ್ಡಿನಿಂದ ಬಂದದ್ದು ಅನ್ನುವುದು ದೊಡ್ಡ ಸಂಗತಿ. ಊರಿನ ಮೇಯರ್ ಆಗಿದ್ದಾಗಲೇ ಇದರ ಪರವಾಗಿ ಮಾತಾಡಿದವರು ನೆವಿಲ್ ಚೇಂಬರ್ಲೇನ್. ಮುಂದೆ ಪ್ರಧಾನಿಯಾದರಲ್ಲ, ಅವರೇ.

ಆದರೆ ಆ ದುಡ್ಡಿನಲ್ಲಿ ಯಾರನ್ನೂ ವರ್ಷಪೂರ್ತಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಚಳಿಗಾಲದ ಋತುವಿಗೆ ಸೇರಿಸಿಕೊಳ್ಳುವುದು, ಋತು ಮುಗಿದರೆ ಎಲ್ಲರೂ ಚದುರುವುದು. ಕಛೇರಿ ಇಲ್ಲದ ದಿನ ವಾದಕರು ಥಿಯೇಟರ್, ಹೋಟೆಲ್, ಮೂಕಿ ಸಿನಿಮಾಗಳಲ್ಲಿ ನುಡಿಸುತ್ತಿದ್ದರು. ಹೀಗಿದ್ದರೆ ಆಗುವ ತೊಂದರೆ ಏನೆಂದರೆ, ಬುಧವಾರದ ರಿಹರ್ಸಲ್‌ಗೆ ಬಂದ ಎರಡನೇ ಓಬೊ ವಾದಕ ಗುರುವಾರದ ಕಛೇರಿಗೆ ಬರುವುದಿಲ್ಲ. ಬೇರೆ ಕಡೆ ಹೆಚ್ಚು ಸಂಭಾವನೆಯ ಕೆಲಸ ಸಿಕ್ಕಿರುತ್ತದೆ, ತನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸಿರುತ್ತಾನೆ. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಮಾಮೂಲಾಗಿದ್ದ ಪದ್ಧತಿ. ಕಂಡಕ್ಟರ್ ಎಷ್ಟೇ ದೊಡ್ಡವನಾದರೂ ದಿನಕ್ಕೊಂದು ಮುಖ ಬರುವ ತಂಡದಿಂದ ಒಂದೇ ಉಸಿರಿನ ನಾದ ತೆಗೆಯಲಾರ. ಮೇಲೆ 1930ರ ಹೊತ್ತಿಗೆ ಮಾತಾಡುವ ಸಿನಿಮಾ ಬಂದು ಚಿತ್ರಮಂದಿರದ ಕೆಲಸವೂ ಹೋಯಿತು. ಅದೇ ವರ್ಷ ಬಿಬಿಸಿ ತನ್ನ ಸಿಂಫನಿ ಆರ್ಕೆಸ್ಟ್ರಾ ಕಟ್ಟಿ ಕಾಯಂ ಸಂಬಳ ಕೊಡತೊಡಗಿತು. 1924ರಿಂದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಕಂಡಕ್ಟರ್ ಏಡ್ರಿಯನ್ ಬೋಲ್ಟ್ ಅಲ್ಲಿಗೇ ಹೋದರು.

ತಿರುವು ಬಂದದ್ದು 1944ರಲ್ಲಿ. ಯುದ್ಧ ಇನ್ನೂ ಮುಗಿದಿರಲಿಲ್ಲ, ಆಗಲೇ ಆರ್ಕೆಸ್ಟ್ರಾ ಪೂರ್ಣಾವಧಿಯದಾಯಿತು. ಶಾಲಾ ಮಕ್ಕಳಿಗೆ ಕಛೇರಿ ನಡೆಸುವ ಕೆಲಸವೂ ಇದಕ್ಕೆ ಅಂಟಿಕೊಂಡಿತ್ತು. ಅದನ್ನು ಸಮಾಜಸೇವೆ ಅಂತಷ್ಟೇ ನೋಡಬೇಡಿ. ಸಂಜೆಯ ಕಛೇರಿಗಳಿಂದಲೇ ವರ್ಷದ ಎಲ್ಲಾ ವಾರ ತುಂಬುವುದಿಲ್ಲ, ಹಗಲಿನ ಕೆಲಸ ಬೇಕೇ ಬೇಕು. 1948ರಲ್ಲಿ ಹೆಸರಿಗೆ ‘ಸಿಂಫನಿ’ ಸೇರಿತು. ಅದೇ ವರ್ಷದ ಸ್ಥಳೀಯಾಡಳಿತ ಕಾಯ್ದೆ ಇಂಗ್ಲೆಂಡಿನ ಎಲ್ಲ ಊರುಗಳಿಗೂ ಮನರಂಜನೆಗೆ ಆಸ್ತಿಯ ತೆರಿಗೆ-ಮೌಲ್ಯದ ಪ್ರತಿ ಪೌಂಡಿಗೆ ಆರು ಪೆನ್ಸ್‌ವರೆಗೆ ಖರ್ಚು ಮಾಡಲು ಅನುಮತಿ ಕೊಟ್ಟಿತು. ಎರಡು ವರ್ಷ ಮೊದಲು ಕಲೆಗಳಿಗೆ ಸರ್ಕಾರದ ಅನುದಾನ ಹಂಚುವ ಆರ್ಟ್ಸ್ ಕೌನ್ಸಿಲ್ ಬಂದಿತ್ತು. ಒಂದು ಕಾಲು ಊರಿನ ದುಡ್ಡು, ಇನ್ನೊಂದು ಕಾಲು ಸರ್ಕಾರದ ದುಡ್ಡು, ಮೂರನೆಯದು ಟಿಕೆಟ್. ಈ ಮುಕ್ಕಾಲಿ ಮೇಲೇ ಪ್ರಾದೇಶಿಕ ಆರ್ಕೆಸ್ಟ್ರಾಗಳು ಇವತ್ತಿಗೂ ಕೂತಿರುವುದು.

ರಾಟಲ್ 1980ರಲ್ಲಿ ಬಂದಾಗ ಅವರಿಗೆ 25 ವರ್ಷ. ಅವರ ಕೈಗೆ ಸಿಕ್ಕದ್ದು 36 ವರ್ಷ ಕಾಯಂ ಸಂಬಳದ ಮೇಲೆ ನಡೆದ ತಂಡ. 1969ರಿಂದ 78ರವರೆಗೆ ಕಂಡಕ್ಟರ್ ಲೂಯಿ ಫ್ರೆಮೋ ಅದನ್ನು ಚೆನ್ನಾಗಿ ಉಜ್ಜಿದ್ದರು, ಅವರ ಕಾಲದಲ್ಲೇ ಕೋರಸ್ ಕೂಡ ಹುಟ್ಟಿತ್ತು. ಆ ಎರಡು ಇರದಿದ್ದರೆ ಭಾರೀ ತಂಡ ಬೇಡುವ ಮಾಹ್ಲರ್ ಸಿಂಫನಿಗಳನ್ನು ಕೈಗೆತ್ತಿಕೊಳ್ಳಲು ಆಗುತ್ತಲೇ ಇರಲಿಲ್ಲ.

ಪಾರ್ಟು-ಪೆನ್ಸಿಲ್:

ಎರಡನೇ ಪ್ರಶ್ನೆ ನನಗೆ ಬಿಡಿ.

14-12-10-8-6 ಅಂದರೆ ತಂತಿವಾದ್ಯಗಳ ಲೆಕ್ಕ: ಮೊದಲ ವಯಲಿನ್ 14, ಎರಡನೇ ವಯಲಿನ್ 12, ವಿಯೋಲಾ 10, ಚೆಲ್ಲೊ 8, ಡಬಲ್ ಬಾಸ್ 6. ಒಟ್ಟು 50. ಇಬ್ಬರಿಗೆ ಒಂದು ಸ್ಟ್ಯಾಂಡ್. ಹಾಗಾಗಿ 25 ಡೆಸ್ಕ್ (ಜೋಡಿ), 25 ಪಾರ್ಟು, ಅಂದರೆ ಆಯಾ ವಾದ್ಯ ನುಡಿಸಬೇಕಾದ ಸ್ವರಗಳ ಪ್ರತಿ. ಊದುವ ವಾದ್ಯಗಳಿಗೆ ಬೇರೆ ಬರಹ ಇದೆ: 2222-4231. ಮೊದಲ ನಾಲ್ಕು ಅಂಕಿ ಫ್ಲೂಟ್, ಓಬೊ, ಕ್ಲಾರಿನೆಟ್, ಬಸೂನ್. ಆಮೇಲಿನವು ಹಾರ್ನ್, ಟ್ರಂಪೆಟ್, ಟ್ರೊಂಬೋನ್, ಟ್ಯೂಬಾ. ಎಲ್ಲಾ ಸೇರಿ 18. ಟಿಂಪನಿ ಒಬ್ಬರು, ತಾಳವಾದ್ಯ ಇಬ್ಬರು. 71 ಜನ ಆಯಿತು. ಹತ್ತೊಂಬತ್ತನೇ ಶತಮಾನದ ಬಹುಪಾಲು ಸಿಂಫನಿಗಳಿಗೆ ಇಷ್ಟು ಸಾಕು. ತಂತಿ 16-14-12-10-8 ಅಂದರೆ 60, ಊದುವ ವಾದ್ಯ ಮೂರು ಮೂರು, ಹಾರ್ನ್ 4, ಟ್ರಂಪೆಟ್ 3, ಟ್ರೊಂಬೋನ್ 3, ಟ್ಯೂಬಾ, ತಾಳವಾದ್ಯ ನಾಲ್ವರು, ಒಂದು ಹಾರ್ಪ್ ಸೇರಿಸಿದರೆ 88. ನೀವು ಶೀರ್ಷಿಕೆಯಲ್ಲಿ ಹೇಳಿದ ‘90’ ಅಂದರೆ ಇದೇ.

ಇನ್ನು 30ರ ಮಾತು. ಬೋರ್ನ್‌ಮತ್ ಆರ್ಕೆಸ್ಟ್ರಾ 1893ರಲ್ಲಿ ಡ್ಯಾನ್ ಗಾಡ್‌ಫ್ರೆ ಕೈಯಲ್ಲಿ ಶುರುವಾದದ್ದು 30 ಜನರಿಂದಲೇ, ಅದೂ ಬ್ಯಾಂಡಿನವರಿಂದ. ಹಗಲು ಊದುವವರಲ್ಲಿ ಹಲವರು ಸಂಜೆ ತಂತಿವಾದ್ಯ ಹಿಡಿಯುತ್ತಿದ್ದರು. ಅಷ್ಟು ಜನಕ್ಕೆ ಹೇಳಿ ಮಾಡಿಸಿದ ಕೃತಿ ಶೂಬರ್ಟ್‌ನ ಐದನೇ ಸಿಂಫನಿ: ಒಂದು ಫ್ಲೂಟ್, ಎರಡು ಓಬೊ, ಎರಡು ಬಸೂನ್, ಎರಡು ಹಾರ್ನ್, ಅಷ್ಟೇ. ಕ್ಲಾರಿನೆಟ್ ಇಲ್ಲ, ಟ್ರಂಪೆಟ್ ಇಲ್ಲ, ಟಿಂಪನಿಯೂ ಇಲ್ಲ. ತಂತಿ 8-7-5-4-2 ಇಟ್ಟುಕೊಂಡರೆ 33 ಜನಕ್ಕೆ ಮುಗಿಯಿತು. ಮೊಜಾರ್ಟ್‌ನ 40ನೆಯದಕ್ಕೂ ಟ್ರಂಪೆಟ್, ಟಿಂಪನಿ ಬೇಡ. ಬೀಥೋವನ್‌ನ ಒಂದನೆಯದಕ್ಕೆ ಊದುವವರು ಎರಡೆರಡು, ಜೊತೆಗೆ ಟ್ರಂಪೆಟ್, ಟಿಂಪನಿ ಬೇಕು, 40ರ ಹತ್ತಿರ ಹೋಗುತ್ತದೆ.

ಹೊಸ ತಂಡಗಳು ಎಡವುವ ಜಾಗ ಬೀಥೋವನ್‌ನ ಐದನೆಯದು. ಹೆಸರು ಎಲ್ಲರಿಗೂ ಗೊತ್ತು, ಟಿಕೆಟ್ ಹೋಗುತ್ತದೆ ಅಂತ ಹಾಕಿಕೊಳ್ಳುತ್ತಾರೆ. ಕೊನೆಯ ಚಲನೆಗೆ (ಸಿಂಫನಿಯ ಒಂದೊಂದು ಭಾಗಕ್ಕೆ ಚಲನೆ ಅನ್ನುತ್ತಾರೆ) ಬಂದಾಗ ಪಿಕೊಲೊ, ಕಾಂಟ್ರಾಬಸೂನ್, ಮೂರು ಟ್ರೊಂಬೋನ್ ಒಟ್ಟಿಗೇ ಎದ್ದು ನಿಲ್ಲುತ್ತವೆ. ಮೊದಲ ಮೂರು ಚಲನೆಗಳಲ್ಲಿ ಅವಕ್ಕೆ ಒಂದು ಸ್ವರವೂ ಇಲ್ಲ. ಬ್ರಾಮ್ಸ್‌ನ ಒಂದನೆಯದರಲ್ಲೂ ಟ್ರೊಂಬೋನ್ ಕೊನೆಯ ಚಲನೆಯವರೆಗೆ ಸುಮ್ಮನೆ ಕೂತಿರಬೇಕು. ಎಂಟು ವಯಲಿನ್ ಇಟ್ಟುಕೊಂಡು ಈ ಕೃತಿಗಳಿಗೆ ಕೈ ಹಾಕಿದರೆ ಟ್ರೊಂಬೋನ್ ಬಾಯಿ ತೆಗೆದ ಕ್ಷಣ ವಯಲಿನ್‌ನವರ ಬಿಲ್ಲು ಆಡುವುದು ಕಾಣುತ್ತದೆ, ಕೇಳುವುದಿಲ್ಲ.

ಹಾಗಂತ ವಯಲಿನ್ 8ರಿಂದ 16 ಮಾಡಿದರೆ ಶಬ್ದ ದುಪ್ಪಟ್ಟಾಗುತ್ತದೆ ಅಂದುಕೊಳ್ಳಬೇಡಿ. ಸಂಖ್ಯೆ ಎರಡರಷ್ಟಾದರೆ ಏರುವುದು ಸುಮಾರು 3 ಡೆಸಿಬಲ್. ಕಿವಿಗೆ ‘ಎರಡು ಪಟ್ಟು ಜೋರು’ ಅನ್ನಿಸಲು 10ರ ಹತ್ತಿರ ಬೇಕು. ಹೆಚ್ಚು ಜನ ಬೇಕಾಗುವುದು ಬೇರೆ ಕಾರಣಕ್ಕೆ. ಇಬ್ಬರು ಒಟ್ಟಿಗೆ ನುಡಿಸಿದರೆ ಶ್ರುತಿಯ ಸಣ್ಣ ವ್ಯತ್ಯಾಸವೂ ಕಿವಿಗೆ ಚುಚ್ಚುತ್ತದೆ. ಹನ್ನೆರಡು ಜನ ಆದಾಗ ಆ ವ್ಯತ್ಯಾಸಗಳೇ ಬೆರೆತು ರೇಷ್ಮೆಯಂಥ ಒಂದು ನಾದ ಹುಟ್ಟುತ್ತದೆ. ಎರಡನೆಯದು, ಮೆಲ್ಲಗೆ ನುಡಿಸುವ ಜಾಗ: 16 ಜನ ಪಿಸುಗುಟ್ಟಿದರೆ ದೊಡ್ಡ ಹಾಲ್ ತುಂಬುತ್ತದೆ, ಎಂಟು ಜನ ಪಿಸುಗುಟ್ಟಿದರೆ ಹಿಂದಿನ ಸಾಲಿಗೆ ಖಾಲಿ ಖಾಲಿ.

ಬೆಳೆಸುವ ಕ್ರಮ ಕೇಳಿದರೆ, ಮೊದಲು ಬಾಸ್ ಮತ್ತು ವಿಯೋಲಾ ಅನ್ನುತ್ತೇನೆ, ವಯಲಿನ್ ಅಲ್ಲ. ಅರ್ಜಿ ಹಾಕುವವರಲ್ಲಿ ವಯಲಿನ್‌ನವರೇ ಹೆಚ್ಚು, ಹಾಗಾಗಿ 10-9-4-4-1 ತರಹದ ತಲೆಭಾರದ ತಂಡ ತಾನಾಗಿಯೇ ಆಗಿಬಿಡುತ್ತದೆ. ಅಡಿಪಾಯ ಇಲ್ಲದೆ ನಾದ ತೆಳ್ಳಗಾಗುತ್ತದೆ, ಮೇಲಿನವರು ಅದನ್ನು ಸರಿದೂಗಿಸಲು ಒತ್ತಿ ನುಡಿಸುತ್ತಾರೆ, ಶ್ರುತಿ ಮೇಲಕ್ಕೆ ಹೋಗುತ್ತದೆ.

ಯಾರೂ ಚರಿತ್ರೆಯಲ್ಲಿ ಬರೆಯದ ಇನ್ನೊಂದು ಕೆಲಸ ಪಾರ್ಟುಗಳದು. ಬಿಲ್ಲು ಮೇಲೆಳೆಯುವುದೋ ಕೆಳಗೆಳೆಯುವುದೋ ಅಂತ ಮೊದಲ ವಯಲಿನ್ ಮುಖ್ಯಸ್ಥರು ಗುರುತು ಹಾಕಬೇಕು. ಅದನ್ನು ನೋಡಿ ಉಳಿದ ನಾಲ್ಕು ವಿಭಾಗದ ಮುಖ್ಯಸ್ಥರು ತಮ್ಮದು ಹೊಂದಿಸಬೇಕು. ಆಮೇಲೆ ಗ್ರಂಥಪಾಲಕರು 25 ಪಾರ್ಟಿಗೂ ಮೆತ್ತನೆಯ ಪೆನ್ಸಿಲಿನಲ್ಲಿ ಕೈಯಾರೆ ಇಳಿಸಬೇಕು. ಹಕ್ಕುಸ್ವಾಮ್ಯ ಇರುವ ಕೃತಿಯಾದರೆ ಪಾರ್ಟು ಬಾಡಿಗೆಗೆ ಬರುತ್ತದೆ, ಹಿಂದಿನ ತಂಡದವರ ಗುರುತು ಮೊದಲು ಅಳಿಸಬೇಕು. ಇದು ತಡವಾದರೆ ಮೂರು ಗಂಟೆಯ ಮೊದಲ ರಿಹರ್ಸಲ್‌ನಲ್ಲಿ ಮುಕ್ಕಾಲು ಗಂಟೆ ‘ಇಲ್ಲಿ ಮೇಲಾ, ಕೆಳಗಾ?’ ಅನ್ನುವುದರಲ್ಲೇ ಹೋಗುತ್ತದೆ. ಆ ಗಂಟೆಗೆ 70 ಜನರ ಸಂಬಳ ಓಡುತ್ತಿರುತ್ತದೆ. ಹಳೇ ಆರ್ಕೆಸ್ಟ್ರಾಗಳಿಗೆ ಇರುವ ನಿಜವಾದ ಆಸ್ತಿ ಗುರುತು ಹಾಕಿಟ್ಟ ಪಾರ್ಟುಗಳ ಬೀರು.

ಮಂದ್ರಸ್ಥಾಯಿ:

ಇಬ್ಬರಿಗೂ ಧನ್ಯವಾದ. ಬ್ಯಾಂಡಿನವರು ಸಂಜೆ ಆರ್ಕೆಸ್ಟ್ರಾದಲ್ಲಿ ಕೂರುತ್ತಿದ್ದರು ಅಂದಿರಿ. ಶ್ರುತಿ ಒಂದೇ ಇರುತ್ತಿತ್ತಾ? ಹಳೇ ಇಂಗ್ಲಿಷ್ ಬ್ಯಾಂಡುಗಳದು ಎತ್ತರದ ಶ್ರುತಿ ಅಂತ ಕೇಳಿದ ನೆನಪು.

ನಾಲ್ಕನೇ ಹಾರ್ನ್:

ಸರಿಯಾಗಿಯೇ ಕೇಳಿದ್ದೀರಿ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ‘ಹೈ ಪಿಚ್’ನಲ್ಲಿ ಎ ಸ್ವರ ಸುಮಾರು 452 ಹರ್ಟ್ಸ್. ಲಂಡನ್ನಿನ ಫಿಲ್‌ಹಾರ್ಮೊನಿಕ್ ಸೊಸೈಟಿ 1896ರಲ್ಲಿ 439ಕ್ಕೆ ಇಳಿಸಿತು. ಸೇನೆಯ ಬ್ಯಾಂಡುಗಳು ಮಾತ್ರ 1920ರ ದಶಕದ ಕೊನೆಯವರೆಗೂ ಹಳೆಯದನ್ನೇ ಹಿಡಿದುಕೊಂಡಿದ್ದವು. ಇವೆರಡರ ನಡುವಿನ ಅಂತರ ಹೆಚ್ಚುಕಡಿಮೆ ಅರ್ಧ ಸೆಮಿಟೋನ್. ತಂತಿಯಾದರೆ ಸಡಿಲಿಸಿ ಇಳಿಸಬಹುದು; ಕ್ಲಾರಿನೆಟ್, ಓಬೊಗಳಲ್ಲಿ ತೂತುಗಳ ಅಂತರವೇ ಬೇರೆ ಆಗಬೇಕು. ಕೀಲು ಎಳೆದು ಉದ್ದ ಮಾಡಿದರೆ ಒಂದು ಸ್ವರ ಸರಿಹೋಗಿ ಇನ್ನೊಂದು ಕೆಡುತ್ತದೆ. ಹಾಗಾಗಿ ಎರಡೂ ಕಡೆ ದುಡಿಯುವ ವಾದಕನಿಗೆ ಎರಡು ವಾದ್ಯ ಬೇಕಾಗುತ್ತಿತ್ತು.

ಈಗ ಎ ಸ್ವರ 440 ಅಥವಾ 442, ಎಲ್ಲರೂ ಶ್ರುತಿ ಮಾಡಿಕೊಳ್ಳಲು ಅದನ್ನು ನುಡಿಸಿ ಕೊಡುವುದು ಓಬೊ. ಆದರೂ ಸುತ್ತಾಡುವ ಆರ್ಕೆಸ್ಟ್ರಾಗೆ ಶ್ರುತಿಯ ಕಾಟ ತಪ್ಪಿದ್ದಲ್ಲ. ಕೋಣೆ ಬಿಸಿಯಾದರೆ ಊದುವ ವಾದ್ಯಗಳೊಳಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚಿ ಶ್ರುತಿ ಏರುತ್ತದೆ, ಅದೇ ಬಿಸಿಗೆ ತಂತಿ ಸಡಿಲಾಗಿ ಇಳಿಯುತ್ತದೆ. ತಣ್ಣನೆಯ ಚರ್ಚಿನಲ್ಲಿ ತದ್ವಿರುದ್ಧ. ಎರಡೂ ಎದುರು ದಿಕ್ಕಿಗೆ ಓಡುವುದರಿಂದಲೇ ವಿರಾಮದ ನಂತರ ಮತ್ತೆ ಶ್ರುತಿ ಮಾಡುವುದು.

ಅನುರಣನ:

ಹಾಲ್ ಬರೀ ಪ್ರತಿಷ್ಠೆಯದಾ ಅಂದಿರಲ್ಲ, ಅಲ್ಲ. ಹಾಲ್ ಅಂದರೆ ಆರ್ಕೆಸ್ಟ್ರಾದ ಅತಿ ದೊಡ್ಡ ವಾದ್ಯ, ಅದೂ ರಿಪೇರಿ ಮಾಡಲು ಬಾರದ ವಾದ್ಯ.

ಮೊದಲು ಜಾಗದ ಲೆಕ್ಕ. ವಯಲಿನ್, ವಿಯೋಲಾದವರಿಗೆ ತಲಾ 1.25 ಚದರ ಮೀಟರ್, ಚೆಲ್ಲೊಗೆ 1.5, ಡಬಲ್ ಬಾಸ್‌ಗೆ 1.8, ಟಿಂಪನಿಗೆ 10, ಉಳಿದ ತಾಳವಾದ್ಯಕ್ಕೆ 20ರವರೆಗೆ. 100 ಜನಕ್ಕೆ ಸುಮಾರು 150 ಚದರ ಮೀಟರ್ ವೇದಿಕೆ. ಕೋರಸ್ ಇದರ ಹೊರಗೆ. 1834ರಲ್ಲಿ ತೆರೆದ ಬರ್ಮಿಂಗ್‌ಹ್ಯಾಮ್ ಟೌನ್ ಹಾಲ್ ತನ್ನ ಕಾಲಕ್ಕೆ ಭವ್ಯ, ಆದರೆ ಮಾಹ್ಲರ್‌ನ ಎರಡನೆಯದಕ್ಕೆ ಹತ್ತು ಹಾರ್ನ್ ಬೇಕು, ಜೊತೆಗೆ ಕೋರಸ್. ವೇದಿಕೆ ಇಕ್ಕಟ್ಟಾದರೆ ಬರೀ ಮೊಣಕೈ ತಾಗುವುದಲ್ಲ. ಟ್ರಂಪೆಟಿನ ಬಾಯಿ ವಿಯೋಲಾದವರ ಕಿವಿಗೆ ನೇರ ಬರುತ್ತದೆ, ಅವರಿಗೆ ತಮ್ಮದೇ ನಾದ ಕೇಳುವುದಿಲ್ಲ, ಕೇಳದವರು ಜೋರಾಗಿ ನುಡಿಸುತ್ತಾರೆ.

ಆಮೇಲೆ ಅನುರಣನ, ಅಂದರೆ ನುಡಿಸುವುದು ನಿಂತ ಮೇಲೂ ನಾದ ಹಾಲಿನಲ್ಲಿ ಉಳಿಯುವ ಹೊತ್ತು. ಸಿಂಫನಿಗೆ 1.8ರಿಂದ 2.2 ಸೆಕೆಂಡ್ ಚೆಂದ. ಭಾಷಣಕ್ಕೆ ಒಂದು ಸೆಕೆಂಡಿನ ಆಸುಪಾಸು. ಇದಕ್ಕೇ ‘ಸರ್ವೋಪಯೋಗಿ ಸಭಾಂಗಣ’ ಅನ್ನುವುದು ಯಾವುದಕ್ಕೂ ಪೂರ್ತಿ ಒದಗದೆ ಹೋಗುವುದು. ಎರಡು ಸೆಕೆಂಡ್ ಸಿಗಬೇಕಾದರೆ ಒಂದೊಂದು ಆಸನಕ್ಕೆ ಸುಮಾರು 10 ಘನ ಮೀಟರ್ ಗಾಳಿ ಬೇಕು, ಅಂದರೆ ಚಾವಣಿ ಎತ್ತರ ಇರಬೇಕು. ಬಜೆಟ್ ಕಡಿಮೆ ಮಾಡುವವರು ಮೊದಲು ಕೈ ಹಾಕುವುದೂ ಅದೇ ಎತ್ತರಕ್ಕೆ. ಅಲ್ಲಿಗೆ ಕಥೆ ಮುಗಿಯಿತು.

1991ರ ಏಪ್ರಿಲ್‌ನಲ್ಲಿ ತೆರೆದ ಬರ್ಮಿಂಗ್‌ಹ್ಯಾಮ್‌ನ ಸಿಂಫನಿ ಹಾಲಿನಲ್ಲಿ 2,262 ಆಸನ. ಧ್ವನಿವಿನ್ಯಾಸ ರಸೆಲ್ ಜಾನ್ಸನ್ ಮತ್ತು ಅವರ ಆರ್ಟೆಕ್ ಸಂಸ್ಥೆಯದು. ವೇದಿಕೆಯ ಮೇಲೆ ಏರಿಳಿಸಬಹುದಾದ ಭಾರೀ ಮೇಲಾವರಣ, ಗೋಡೆಗಳ ಹಿಂದೆ ಅನುರಣನದ ಕೋಣೆಗಳು, ಅವಕ್ಕೆ ದಪ್ಪ ಕಾಂಕ್ರೀಟ್ ಬಾಗಿಲುಗಳು. ಬಾಗಿಲು ತೆರೆದರೆ ನಾದ ಒಳಹೋಗಿ ಸುತ್ತಿ ನಿಧಾನಕ್ಕೆ ಹೊರಬರುತ್ತದೆ. ಮುಚ್ಚಿದರೆ ಮೊಜಾರ್ಟ್‌ಗೆ ಬೇಕಾದ ಸ್ಪಷ್ಟತೆ. ಪಕ್ಕದಲ್ಲೇ ರೈಲು ಸುರಂಗ ಇರುವುದರಿಂದ ಕಟ್ಟಡ ರಬ್ಬರ್ ದಿಂಬುಗಳ ಮೇಲೆ ನಿಂತಿದೆ. ಮ್ಯಾಂಚೆಸ್ಟರ್‌ನಲ್ಲಿ 1996ರ ಬ್ರಿಜ್‌ವಾಟರ್ ಹಾಲ್ ಹೀಗೇ ಸ್ಪ್ರಿಂಗುಗಳ ಮೇಲೆ.

ಇದರಿಂದ ನುಡಿಸುವ ರೀತಿಯೇ ಬದಲಾಗುತ್ತದೆ. ಅನುರಣನ ಕಡಿಮೆ ಇರುವ ‘ಒಣ’ ಹಾಲ್‌ನಲ್ಲಿ ಬೆಳೆದ ತಂಡ ಸ್ವರವನ್ನು ಎಳೆದು ಹಿಡಿಯುತ್ತದೆ, ಏಕೆಂದರೆ ಬಿಟ್ಟರೆ ನಾದ ಸತ್ತುಹೋಗುತ್ತದೆ. ಒಳ್ಳೆ ಹಾಲಿಗೆ ಬಂದ ಮೇಲೆ ಬಿಡಲು ಕಲಿಯಬೇಕು. ಆದರೆ ರಿಹರ್ಸಲ್ ಬೇರೆ ಕಡೆ ಮಾಡಿ ಕಛೇರಿಗೆ ಮಾತ್ರ ಅಲ್ಲಿಗೆ ಹೋದರೆ ಅದು ಕೈಗೂಡುವುದಿಲ್ಲ.

ಕೊನೇ ಡೆಸ್ಕ್:

ನಾಲ್ಕನೇ ಹಾರ್ನ್ ಅವರೇ, ಸಂಬಳದ ವಾದ ಒಪ್ಪುತ್ತೇನೆ, ಆದರೆ ಕಂಡಕ್ಟರನ್ನು ಅಷ್ಟು ಸುಲಭಕ್ಕೆ ಪಕ್ಕಕ್ಕಿಡಬೇಡಿ. ಮ್ಯಾಂಚೆಸ್ಟರ್‌ನ ಹಾಲೆ ಆರ್ಕೆಸ್ಟ್ರಾ ನೋಡಿ. ಚಾರ್ಲ್ಸ್ ಹಾಲೆ 1857ರ ಕಲಾಪ್ರದರ್ಶನಕ್ಕೆಂದು ತಂಡ ಸೇರಿಸಿದರು, ಪ್ರದರ್ಶನ ಮುಗಿದಾಗ ಅದನ್ನು ಚದುರಿಸಲು ಮನಸ್ಸಾಗದೆ 1858ರ ಜನವರಿ 30ರಿಂದ ತಮ್ಮದೇ ಜವಾಬ್ದಾರಿಯಲ್ಲಿ ಕಛೇರಿ ಶುರುಮಾಡಿದರು. ಮೊದಲ ಋತುವಿನ ಲಾಭ ಎರಡು ಶಿಲಿಂಗ್ ಆರು ಪೆನ್ಸ್. 30 ಕಛೇರಿಗೆ ಹಂಚಿದರೆ ಒಂದಕ್ಕೆ ಒಂದು ಪೆನಿ! ಒಬ್ಬ ಮನುಷ್ಯನ ಹಟ ಇಲ್ಲದಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು.

1943ರಲ್ಲಿ ಮತ್ತೆ ಅದೇ. ಬಿಬಿಸಿಯ ಉತ್ತರ ವಲಯದ ತಂಡದೊಂದಿಗೆ ವಾದಕರನ್ನು ಹಂಚಿಕೊಂಡಿದ್ದ ಹಾಲೆ, ಪೂರ್ಣಾವಧಿಗೆ ಹೋಗುತ್ತೇವೆ ಅಂದ ಕೂಡಲೇ ಬಹುತೇಕರು ಬಿಬಿಸಿ ಸಂಬಳವನ್ನೇ ಆರಿಸಿಕೊಂಡರು. ನ್ಯೂಯಾರ್ಕಿನಿಂದ ಬಂದಿಳಿದ ಹೊಸ ಕಂಡಕ್ಟರ್ ಬಾರ್ಬಿರೊಲಿಗೆ ಸಿಕ್ಕದ್ದು ಮೂವತ್ತರ ಆಸುಪಾಸಿನ ಜನ, ಮೇಲೆ ಬಾಂಬಿಗೆ ಬಿದ್ದ ಫ್ರೀ ಟ್ರೇಡ್ ಹಾಲ್, ಅವರ ಕಛೇರಿಯ ಜಾಗ. ದಿನವಿಡೀ ಆಡಿಷನ್ ನಡೆಸಿ, ಶಾಲಾ ಹುಡುಗನನ್ನೂ ಹಾರ್ನ್ ಊದುವ ಶಾಲಾ ಶಿಕ್ಷಕಿಯನ್ನೂ ಸುತ್ತಲಿನ ಹಿತ್ತಾಳೆ ಬ್ಯಾಂಡಿನವರನ್ನೂ ಕೂರಿಸಿ, ಜುಲೈ 5ಕ್ಕೆ ಬ್ರ್ಯಾಡ್‌ಫರ್ಡ್‌ನಲ್ಲಿ ಕಛೇರಿ ಕೊಟ್ಟೇಬಿಟ್ಟರು.

ಆದರೂ ಒಬ್ಬರ ಮೇಲೆ ನಿಂತದ್ದರ ಅಪಾಯವೂ ಇದೆ. ಇದು ಲಂಡನ್ನಿನದು, ಆದರೆ ನಮಗೆ ಹತ್ತಿರದ್ದು: ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾಕ್ಕೆ ಬೆನ್ನಾಗಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳ ಪ್ರಥಮ ಕಛೇರಿಗೆ 4,800 ಡಾಲರ್ ಖಾತರಿ ಕೊಟ್ಟದ್ದೂ ಅವರೇ. ಅಂಥ ಆರ್ಕೆಸ್ಟ್ರಾವನ್ನು 1964ರಲ್ಲಿ ಲೆಗ್ ಒಂದು ಪ್ರಕಟಣೆಯಲ್ಲಿ ನಿಲ್ಲಿಸಲು ಹೊರಟರು. ವಾದಕರೇ ಸೇರಿ ತಮ್ಮ ಆಡಳಿತದಲ್ಲಿ ಮುಂದುವರಿಸಿದ್ದರಿಂದ ಉಳಿಯಿತು.

ಊರಿನ ದುಡ್ಡು ಇದಕ್ಕಿಂತ ಗಟ್ಟಿ ಅಂತೀರಾ? ಬರ್ಮಿಂಗ್‌ಹ್ಯಾಮ್ ನಗರಸಭೆ 2023ರಲ್ಲಿ ದಿವಾಳಿಯ ಅಂಚಿಗೆ ಬಂದು, 2024ರಲ್ಲಿ ಆರ್ಕೆಸ್ಟ್ರಾದ ಅನುದಾನವನ್ನು ಮೊದಲು ಅರ್ಧಕ್ಕೆ, ಮರುವರ್ಷ ಸೊನ್ನೆಗೆ ಇಳಿಸುವ ನಿರ್ಧಾರ ಮಾಡಿತು. 1920ರ 1,250 ಪೌಂಡಿನಿಂದ ಶುರುವಾದ ಸಾಲು ಅದು. ಹಾರ್ನ್ ಅವರು ಹೇಳಿದ ಮುಕ್ಕಾಲಿಗೆ ಒಂದು ಕಾಲು ಹೋಯಿತು.

ನಾಲ್ಕನೇ ಹಾರ್ನ್:

ಒಪ್ಪಿದೆ. ಆದರೆ ನೋಡಿ, ಬಾರ್ಬಿರೊಲಿ ಕೈಗೆ ವರ್ಷಪೂರ್ತಿಯ ಕರಾರು ಕೊಡುವ ಅಧಿಕಾರ ಇತ್ತು. ಶಾಲಾ ಶಿಕ್ಷಕಿ ಕೆಲಸ ಬಿಟ್ಟು ಬಂದದ್ದು ಅದನ್ನು ನಂಬಿ.

ಮಂದ್ರಸ್ಥಾಯಿ:

ಕೊನೆಯದೊಂದು. ಪಾರ್ಟು-ಪೆನ್ಸಿಲ್ ಅವರೇ, ಸುಮ್ಮನೆ ಕೂರುವ ಟ್ರೊಂಬೋನ್ ಮಾತು ಹೇಳಿದಿರಿ. ಪೂರ್ತಿ ಸಂಬಳವೇ ಕೊಡಬೇಕಾ?

ಪಾರ್ಟು-ಪೆನ್ಸಿಲ್:

ಕೊಡಬೇಕು, ಸಂಭಾವನೆ ಸ್ವರದ ಲೆಕ್ಕಕ್ಕಲ್ಲ, ಹಾಜರಿಯ ಲೆಕ್ಕಕ್ಕೆ. ದ್ವೋರ್ಜಾಕ್‌ನ ಒಂಬತ್ತನೆಯದರಲ್ಲಿ ಟ್ಯೂಬಾಗೆ ಕೆಲಸ ಇರುವುದು ಎರಡನೇ ಚಲನೆಯಲ್ಲಿ ಮಾತ್ರ, ಅದೂ ಬೆರಳೆಣಿಕೆಯ ಸ್ವರಗಳು. ಸಿಂಬಲ್‌ಗೆ ಇಡೀ ಸಿಂಫನಿಯಲ್ಲಿ ಒಂದೇ ಹೊಡೆತ, ಕೊನೆಯ ಚಲನೆಯಲ್ಲಿ. ಅದನ್ನು ಮೂರನೇ ಚಲನೆಯ ಟ್ರಯಾಂಗಲ್ ವಾದಕರ ಕೈಗೇ ಕೊಡಬಹುದು, ಒಬ್ಬರು ಉಳಿಯುತ್ತಾರೆ. ಟ್ಯೂಬಾಗೆ ಅಂಥ ದಾರಿ ಇಲ್ಲ. ಹಾಗಾಗಿ ಆ ರಾತ್ರಿಯ ಮೊದಲ ಕೃತಿಯನ್ನು ಟ್ಯೂಬಾಗೆ ಒಳ್ಳೆ ಕೆಲಸ ಇರುವಂಥದ್ದೇ ಆರಿಸಿ, ವಾಗ್ನರ್‌ನ ಮೈಸ್ಟರ್‌ಸಿಂಗರ್ ಪೀಠಿಕೆ ತರಹದ್ದು. ಹಾರ್ಪ್ ಒಂದು ಹೆಚ್ಚಾಗಿ ಬೇಕಾಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.